ಜವರ ಜೀಪು ಎತ್ತರ ಮಾಡಿಸಿದ್ದು

ಮೋಡ ಬಂದು ಕೂತ್ರೆ ಎದ್ದು ಹೋಗೋದನ್ನೇ ಮರೆಯೋ ಒಂದು ಗುಡ್ಡ ಇತ್ತು ಕಣ್ರಪ್ಪಾ. ಗುಡ್ಡದ ಬುಡದಲ್ಲಿ ಪುಟ್ಟಮಾದಮ್ಮ, ಅವಳ ಪೆದ್ದು ಮಗ ಜವರ. ಗುಡ್ಡದ ತುದೀಲಿ ಇಸ್ಕೂಲು, ಅಲ್ಲಿ ಮೂವತ್ತು ಮಕ್ಕಳು. ಅವ್ವ ಮಧ್ಯಾಹ್ನದ ಅನ್ನ ಸಾರು ಬೇಯಿಸೋಳು, ಜವರ ಹಳೇ ಫೋರ್‌ವೀಲ್ ಜೀಪಲ್ಲಿ ಸಾಗಿಸೋನು. ನಡುದಾರೀಲಿ ಒಂದು ಬಂಡೆ. ಜೀಪಿನ ಹೊಟ್ಟೆ ಡಬ್ ಅಂತ ತಾಗೋದು, ನಿಂತೋಗೋದು. ಅಲ್ಲಿಂದ ಮೇಲಕ್ಕೆ ಅವ್ವನೇ ತಲೆ ಮೇಲೆ ಹೊರಬೇಕು.

"ಮಂಡಿ ಹೋಯ್ತು ಕಣೋ ಜವರಾ! ನಾನು ಮಲಗಿಬಿಟ್ರೆ ಆ ಮಕ್ಕಳ ಹೊಟ್ಟೆ ಗತಿ ಏನು? ದಸ್ತಗೀರ್ ಸಾಬ್ರ ಗ್ಯಾರೇಜಿಗೆ ಹೋಗಿ ಜೀಪು ಎತ್ತರ ಮಾಡೋ ಕಿಟ್ಟು ಆರಿಸ್ಕೊಂಡು ಬಾ. ಬಂಡೆ ನಿನ್ನ ಕಾಲಿಗೆ ಎಲ್ಲೀಗಂಟ ಬರುತ್ತೋ ಅಲ್ಲಿಗೆ ಮಸಿ ಗೀಟು ಎಳ್ಕೊಂಡು ಹೋಗಿ ತೋರ್ಸು. ಬರೀ ಕೆಸರುಗಾಲಲ್ಲಿ ನುಗ್ಗಬೇಡ, ತೊಳ್ಕೊಂಡು ಒಳಗೆ ಹೋಗು!"

ಜವರ ಗೀಟು ಎಳ್ಕೊಂಡ. ಮೋಡ ನೋಡ್ತಾ ನೋಡ್ತಾ ಗ್ಯಾರೇಜಿಗೆ ಬಂದ. ಬಾಗಿಲಲ್ಲಿ ನೀರಿನ ತೊಟ್ಟಿ. ಮಂಡೀಗಂಟ ಉಜ್ಜಿ ಉಜ್ಜಿ ತೊಳ್ಕೊಂಡ.

"ಎಷ್ಟೆತ್ತರ ಬೇಕಪ್ಪಾ? ಎರಡಿಂಚಾ, ನಾಲ್ಕಿಂಚಾ?"

"ಇಲ್ಲೇ ಇತ್ತು ಸಾಬ್ರೇ, ತೊಳ್ದೋಯ್ತು!"

ಸಾಬ್ರು ಹಣೆ ಚಚ್ಕೊಂಡ್ರು. "ಭಾರ ಬಿದ್ರೆ ಜೀಪು ಎಷ್ಟು ಕುಸಿಯುತ್ತೋ ನೋಡ್ಬೇಕು. ನಾಳೆ ದಿನಾ ಹೊರೋ ಭಾರದ ಸಮೇತ ಬಾ."

ಮಾರನೇ ದಿನ ಬಿಸಿ ಅನ್ನದ ಹಂಡೆ ಏರಿಸಿದ್ದೇ ತಡ, ಮೇಲೆ ಇಸ್ಕೂಲಿಗೆ ಹೋಗಬೇಕಾದ ಜೀಪು ಕೆಳಗೆ ಗ್ಯಾರೇಜಿಗೆ ಹೋಯ್ತು! ಸಾಬ್ರು ಅಳೆದು ನೋಡಿ, "ನಾಲ್ಕಿಂಚಾದ್ರೆ ತಿರುವಲ್ಲಿ ಮಗುಚುತ್ತೆ, ಎರಡಿಂಚೇ ಸರಿ" ಅಂದ್ರು. ಅಷ್ಟೊತ್ತಿಗೆ ಮೇಲೆ ಮಕ್ಕಳು ಖಾಲಿ ತಟ್ಟೆ ತಬ್ಕೊಂಡು ತೂಕಡಿಸ್ತಿದ್ವು, ಪಾಪ.

"ಅಯ್ಯೋ ನನ್ನ ಕರ್ಮವೇ!" ಅಂತ ಅವ್ವ ಅತ್ತೇಬಿಟ್ಳು. "ಏನೇ ತಂದ್ರೂ ಮೊದ್ಲು ಮಕ್ಕಳಿಗೆ ಬಡ್ಸು, ಆಮೇಲೆ ಮಿಕ್ಕಿದ್ದು!"

"ಹೂಂ ಕಣವ್ವಾ."

ಮೂರನೇ ದಿನ ಸಾಬ್ರು ಕಿಟ್ಟು ಕೊಟ್ರು. ಜವರ ಅದನ್ನ ತಲೆ ಮೇಲೆ ಹೊತ್ತು, ಮೋಡದೊಳಗೇ ನಡೀತಾ ನಡೀತಾ ಇಸ್ಕೂಲಿಗೆ ಹೋದ. ಮಕ್ಕಳನ್ನ ಸಾಲಾಗಿ ಕೂರಿಸಿ, ತಟ್ಟೆ ತಟ್ಟೆಗೆ ಬೋಲ್ಟು, ನಟ್ಟು, ವಾಷರು ಬಡಿಸಿದ. ಸ್ಪ್ರಿಂಗು ಯಾರ ತಟ್ಟೇಲೂ ಹಿಡೀಲಿಲ್ಲ. ಒಬ್ಬಳು ಪುಟ್ಟಿ ನೆಕ್ಕಿ ನೋಡಿ, "ಉಪ್ಪು ಸಾಲ್ದು" ಅಂದ್ಳು.

ಎಲ್ಲಾ ಆರಿಸ್ಕೊಂಡು ಬಂದಿದ್ದಾಯ್ತು, ಸಾಬ್ರೇ ಮನೆಗೆ ಬಂದು ಜೀಪಿಗೆ ಕೂರಿಸಿದ್ದೂ ಆಯ್ತು. ಜೀಪು ಎದೆ ಎತ್ತಿ ನಿಂತ್ಕೊಳ್ತು! ಮಾರನೇ ದಿನ ಅನ್ನ ಸಾರು ಏರಿಸಿ, ಅವ್ವ ಕಣ್ಣೊರೆಸ್ಕೊಂಡು ಹತ್ತಿ ಕೂತ್ಳು.

"ಜ್ವಾಕೆ ಕಣೋ ಮಗಾ. ಇವತ್ತು ಮೊದಲ್ನೇ ದಿನ. ಬಂಡೆ ಬಂದಾಗ ಭಾರ ಎಲ್ಲಾ ಇಳಿಸಿ ದಾಟ್ಸು."

ಬಂಡೆ ಬಂತು. ಜವರ ಹಂಡೆ ಇಳಿಸಿದ. ಸಾರಿನ ಕೊಳಗ ಇಳಿಸಿದ. ಸೌಟೂ ಇಳಿಸಿದ. ಅವ್ವನ ಕೈ ಹಿಡಿದು ಮೆಲ್ಲಗೆ ಇಳಿಸಿದ. ಜೀಪು ಏರ್ತು, ಬಂಡೆ ದಾಟ್ತು, ಒಂಚೂರೂ ತಾಗಲಿಲ್ಲ. ಹಂಗೇ ತೇಲ್ಕೊಂಡು ಮೋಡದೊಳಗೆ ಹೋಗೇಬಿಡ್ತು. "ಲೋ ಜವರಾ! ನಿಲ್ಸೋ!" ಅಂತ ಅವ್ವ ಕೂಗಿದ್ದು ಮೋಡಕ್ಕೆ ಮಾತ್ರ ಕೇಳಿಸ್ತು.

ಇಸ್ಕೂಲ ಮುಂದೆ ಹಾರನ್ನೋ ಹಾರನ್ನು! ಮಕ್ಕಳು ತಟ್ಟೆ ಹಿಡ್ಕೊಂಡು ಓಡಿ ಬಂದ್ವು.

"ಟೀಚರೇ, ಬಂಡೆ ದಾಟಿಬಿಟ್ಟೆ!"

ಭಾಗೀರಥಿ ಟೀಚರ್ ಜೀಪಿನ ಹಿಂದಕ್ಕೆ ಇಣುಕಿದ್ರು. "ಊಟ ಎಲ್ಲೋ?"

"ಭಾರ ಅಲ್ವಾ, ಇಳಿಸ್ಬಿಟ್ಟೆ."

"ನಿಮ್ಮವ್ವ?"

"ಅವ್ವ ಅದಕ್ಕಿಂತ ಭಾರ, ಟೀಚರೇ!"