ಗೋಡೆಯಾದ ಮಣ್ಣು

ಆಫ್ರಿಕಾದ ಬಯಲೊಂದರಲ್ಲಿ ಮಳೆಗಾಲ ಮುಗಿಯುತ್ತಲೇ ಬಿಲಗಪ್ಪೆಯೊಂದು ಹಿಂಗಾಲಿನಿಂದ ಕೆಸರು ತೋಡಿಕೊಂಡು ಒಳಗಿಳಿಯಿತು. "ಅಣ್ಣಾ, ಮಳೆ ಬಂದಾಗ ಎಬ್ಬಿಸು" ಎಂದು ಎಂದಿನಂತೆ ಮಣ್ಣಿಗೆ ಹೇಳಿತು.

"ಎಬ್ಬಿಸದೆ ಇರುತ್ತೇನೆಯೇ? ಮಲಗು" ಎಂದಿತು ಮಣ್ಣು.

ಬೇಸಿಗೆಯಲ್ಲಿ ಊರವರು ಬಂದು ಆ ಮಣ್ಣನ್ನು ಹೆಂಟೆ ಹೆಂಟೆಯಾಗಿ ಕಡಿದು, ಒಣಗಿಸಿ, ಗೋಡೆ ಕಟ್ಟಿ, ಮೇಲೆ ಹುಲ್ಲು ಹೊದಿಸಿದರು. ಒಂದು ಹೆಂಟೆಯೊಳಗೆ ಕಪ್ಪೆ ನಿದ್ದೆಯಲ್ಲೇ ಉಳಿಯಿತು.

ಒಂದು ದಿನ ಧಪಧಪ ಸದ್ದಿಗೆ ಅದಕ್ಕೆ ಎಚ್ಚರವಾಯಿತು. "ಅಣ್ಣಾ, ಮಳೆಯೇ?"

"ಅಲ್ಲ. ನಾನೀಗ ನೆಲವಲ್ಲ, ಮನೆಯ ಗೋಡೆ. ಹೊರಗೆ ಹೆಂಗಸರು ಒರಳಲ್ಲಿ ಜೋಳ ಕುಟ್ಟುತ್ತಿದ್ದಾರೆ." ಅಂದು ಅದು ನಿಜವೇ ಆಗಿತ್ತು. ಕಪ್ಪೆ ಮತ್ತೆ ಮಲಗಿತು.

ಕೆಲವು ತಿಂಗಳ ಮೇಲೆ ಮತ್ತೆ ಸದ್ದಾಯಿತು. ಈ ಬಾರಿ ಸುರಿಯುತ್ತಿದ್ದುದು ಮಳೆ. ಸೂರಿನಂಚಿನಿಂದ ಸಿಡಿದ ಹನಿಗೇ ಗೋಡೆ ನಡುಗಿತು. ಕಪ್ಪೆ ಹೊರಬಿದ್ದರೆ ತನ್ನ ಮೈಯಲ್ಲಿ ಉಳಿಯುವ ತೂತನ್ನು, ಅದರೊಳಗೆ ನುಗ್ಗುವ ನೀರನ್ನು ನೆನೆದು ಗೋಡೆ ಇನ್ನಷ್ಟು ನಡುಗಿತು.

"ಅಣ್ಣಾ, ಈಗ?"

"ಜೋಳವೇ."

"ಸದ್ದು ಬಹಳ ಜೋರಾಗಿದೆಯಲ್ಲ?"

"ಈ ವರ್ಷ ಬೆಳೆ ಚೆನ್ನಾಗಿ ಬಂದಿದೆ. ಕುಟ್ಟುವವರು ಹೆಚ್ಚು."

"ಮಳೆಯಿಲ್ಲದೆ ಬೆಳೆ ಹೇಗೆ ಬಂತು?"

ಹೊರಗೆ ಬೇರೆ ಕಪ್ಪೆಗಳ ಕೂಗು ಎದ್ದಿತು. ಒಳಗಿನದು ಹಿಂಗಾಲಿನಿಂದ ಒದ್ದಿತು, ಮತ್ತೆ ಮತ್ತೆ ಒದ್ದಿತು. ಗೋಡೆ ಕದಲಲಿಲ್ಲ.

ಕೊನೆಗೆ ಸೋತ ದನಿಯಲ್ಲಿ ಕಪ್ಪೆ ಕೇಳಿತು: "ನೆಲದಲ್ಲಿದ್ದಾಗ ನೀನು ಒಮ್ಮೆಯೂ ಸುಳ್ಳು ಹೇಳಿರಲಿಲ್ಲವಲ್ಲ, ಅಣ್ಣಾ?"

"ಆಗ ನನಗೆ ಮಳೆಯ ಹೆದರಿಕೆ ಇರಲಿಲ್ಲ" ಎಂದಿತು ಗೋಡೆ.