ಶುರುವಿಗೇ ಬೀಳೋ ಆಟ

"ಉಸ್ತಾದ್, ಕೈಗೆ ಕೈ ಕೊಡೋ ಹೊತ್ತಿಗೇ ಬಿದ್ದಿರ್ತೀನಲ್ಲ, ಯಾಕೆ?" ಅಂತ ಮರಿಸ್ವಾಮಿ ಕೇಳಿದ.

ಆಗಷ್ಟೇ ಗರಡಿಮನೆ ಮಟ್ಟಿಯ ಕುಸ್ತಿ ಮಣ್ಣಿನಿಂದ ಎದ್ದು ಬಂದಿದ್ದ. ಕಿವಿಯೊಳಗೆಲ್ಲ ಕೆಮ್ಮಣ್ಣು. ಮೊನ್ನೆ ಮೊನ್ನೆವರೆಗೂ ಅವನನ್ನ ಅಲ್ಲಾಡಿಸೋರು ಇರಲಿಲ್ಲ. ಈಗ ನಿನ್ನೆ ಲಂಗೋಟಿ ಕಟ್ಟಿದವರೂ ಅವನನ್ನ ಕೆಡವಿ, ಸಾರಿ ಅಣ್ಣ ಅಂತಿದ್ದರು. ಬಿದ್ದಿದ್ದಕ್ಕಿಂತ ಆ ಸಾರಿನೇ ಜಾಸ್ತಿ ಉರೀತಿತ್ತು. ಭಾನುವಾರ ಕುಸ್ತಿ ಪಂದ್ಯ. ಗರಡಿಯಿಂದ ಯಾರನ್ನ ಇಳಿಸೋದು ಅಂತ ಉಸ್ತಾದ್ ಕಾಳಿಂಗಯ್ಯ ಸಂಜೆಯೊಳಗೆ ಹೇಳಿ ಕಳಿಸಬೇಕು. ಈ ಸಲ ತಪ್ಪಿದರೆ ಮುಂದೆ ತನ್ನನ್ನ ಯಾರೂ ಕೇಳೋದಿಲ್ಲ ಅಂತ ಮರಿಸ್ವಾಮಿಗೆ ಗೊತ್ತಿತ್ತು.

ತಾನು ಮಾಡಿದ್ದನ್ನೆಲ್ಲ ಒಪ್ಪಿಸಿದ. ಸಾಮು ಹೆಚ್ಚಿಸಿದ್ದು, ಬಾದಾಮಿ ಹೆಚ್ಚಿಸಿದ್ದು, ಮಾಲೀಸು ಬದಲಾಯಿಸಿದ್ದು, ದೃಷ್ಟಿ ತೆಗೆಸಿದ್ದು. ಸಿದ್ದರಾಜುವಿನ ವಿಷಯ ಮಾತ್ರ ಎತ್ತಲಿಲ್ಲ. ಸಿದ್ದರಾಜು ಅವನ ಜೋಡಿ, ಚಿಕ್ಕಂದಿನಿಂದ ಒಟ್ಟಿಗೆ ಸಾಮು ಮಾಡಿದವನು. ಮಟ್ಟಿಗೆ ಇಳಿದ ಕೂಡಲೇ ಇವನ ಎಡ ಹೆಗಲಿಗೆ ಅವನು, ಅವನ ಎಡ ಹೆಗಲಿಗೆ ಇವನು ಮಣ್ಣು ಹಚ್ಚೋದು ರೂಢಿ. ಯುಗಾದಿ ಆದ ಮೇಲೆ ಜಗಳ ಆಡ್ಕೊಂಡು ಸಿದ್ದರಾಜು ಇನ್ನೊಂದು ಗರಡಿ ಸೇರಿದ. ಅವನ ಗದೆ, ಗೋಡೆ ಮೇಲಿನ ಫೋಟೋ, ಹಳೇ ಚಡ್ಡಿ ಸಮೇತ ಎಲ್ಲಾನೂ ಮರಿಸ್ವಾಮಿನೇ ಬೀದಿಗೆ ಹಾಕಿದ್ದ.

ಉಸ್ತಾದ್ ಎಲೆಗೆ ಸುಣ್ಣ ಹಚ್ಚುತ್ತಾ, ಕೂತ್ಕೊ, ಒಂದು ಕಂಪ್ಯೂಟರ್ ಆಟದ ಕತೆ ಹೇಳ್ತೀನಿ ಅಂದರು. ಮರಿಸ್ವಾಮಿ ಹನುಮಂತನ ಕತೆಗೆ ರೆಡಿಯಾಗಿ ಕೈ ಮುಗಿದಿದ್ದ. ಮೆಲ್ಲಗೆ ಕೈ ಇಳಿಸಿದ.

ಒಬ್ಬ ಟೈಲರ್ ಇದ್ದ, ಒಬ್ಬ ಬೇಕರಿಯವನಿದ್ದ. ಮಧ್ಯಾಹ್ನದ ಬಿಡುವಲ್ಲಿ ಇಬ್ಬರೂ ಟೈಲರ್ ಕಂಪ್ಯೂಟರಲ್ಲಿ ಊರು ಕಟ್ಟೋ ಆಟ ಆಡೋರು. ಆಟದಲ್ಲಿಲ್ಲದ ಒಂದು ಬೇಕರಿಯನ್ನ ಬೇಕರಿಯವನು ತಾನೇ ತಯಾರಿಸಿ ಒಳಗೆ ಕೂರಿಸಿದ. ಟೈಲರಿಗೆ ಅದೆಷ್ಟು ಹಿಡಿಸ್ತು ಅಂದರೆ, ಆಟ ತೆರೆದ ಕೂಡಲೇ ತಾನು ಆ ಬೇಕರಿ ಬಾಗಿಲಲ್ಲೇ ನಿಂತಿರೋ ಹಾಗೆ ಮಾಡ್ಕೊಂಡ.

ಆಮೇಲೆ ಒಂದು ಪ್ಯಾಂಟು ಗಿಡ್ಡ ಆಯ್ತು ಅಂತ ಜಗಳ ಬಂತು. ಟೈಲರ್ ಸಿಟ್ಟಿನಲ್ಲಿ ಬೇಕರಿಯವನು ಮಾಡಿದ್ದನ್ನೆಲ್ಲ ಆಟದಿಂದ ಅಳಿಸಿ ಹಾಕಿದ. ಪೀಡೆ ತೊಲಗಿತು ಅಂತ ಆಟ ತೆರೆದ. ಪರದೆ ಕಪ್ಪಾಯ್ತು. ಆಟ ತಾನಾಗೇ ಮುಚ್ಕೊಂಡು ಬಿತ್ತು.

ಕಂಪ್ಯೂಟರ್ ಆರಿಸಿ ಹಚ್ಚಿದ. ಬಿತ್ತು. ಕಟ್ಟಿದ ಊರೊಂದನ್ನ ಮಾತ್ರ ಹಾಗೇ ಉಳಿಸ್ಕೊಂಡು ಆಟವನ್ನೇ ಕಿತ್ತು ಹೊಸದಾಗಿ ಹಾಕಿದ. ಬಿತ್ತು. ಬಿಸಿಯಾಗಿರಬೇಕು ಅಂತ ಯಾರೋ ಅಂದರು, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟ. ಕೊನೆಗೆ ನಿಂಬೆಹಣ್ಣು ನಿವಾಳಿಸಿದ. ಬಿತ್ತು. ಬೀಳೋವಾಗೆಲ್ಲ ಪರದೆ ಮೇಲೆ ಒಂದು ಸಾಲು ಬರ್ತಿತ್ತು. ಟೈಲರ್ ಅದನ್ನ ಓದದೆ ಓಕೆ ಒತ್ತಿಬಿಡ್ತಿದ್ದ. ಒಂದು ದಿನ ಬೆರಳಿಗೆ ಸೂಜಿ ಚುಚ್ಚಿತ್ತು, ಒತ್ತೋದು ತಡವಾಯ್ತು, ಕಣ್ಣು ಸಾಲಿನ ಮೇಲೆ ಬಿತ್ತು. ಬೇಕರಿ ಬಾಗಿಲು ಸಿಗ್ತಿಲ್ಲ ಅಂತ ಬರೆದಿತ್ತು.

ಮರಿಸ್ವಾಮಿ ತೊಡೆ ತಟ್ಟಿ ನಕ್ಕ. "ಎಂಥ ಪೆದ್ದ ಉಸ್ತಾದ್ ಅವನು. ಅಳಿಸಿದ್ದೂ ಅವನೇ, ದಿನಾ ಹೋಗಿ ನಿಲ್ಲೋದೂ ಅಲ್ಲೇ. ಬೇರೆ ಜಾಗದಿಂದ ಶುರು ಮಾಡ್ಬೇಕು, ಇಲ್ಲಾ ಹೋಗಿ ಬೇಕರಿ ವಾಪಸ್ ಕೊಡೋ ಅಂತ ಕೇಳ್ಬೇಕು."

ಟೈಲರ್ ಏನು ಮಾಡಿದ ಅಂತ ಉಸ್ತಾದ್ ಹೇಳಲಿಲ್ಲ. ಭಾನುವಾರದ ಮಾತೂ ಆಡಲಿಲ್ಲ. ಎದ್ದು ಹೋಗಿ ಎಲೆ ಉಗಿದು ಬಂದು, ಮಟ್ಟಿಯಿಂದ ಒಂದು ಹಿಡಿ ಮಣ್ಣು ತಗೊಂಡು ಮರಿಸ್ವಾಮಿ ಅಂಗೈಗೆ ಹಾಕಿದರು.

"ಇಳಿದ ಕೂಡಲೇ ಎಡ ಹೆಗಲು ಮುಂದೆ ಮಾಡಿ ಯಾರ ಕೈಗೋಸ್ಕರ ಕಾಯ್ತಾ ನಿಂತ್ಕೋತೀಯೋ, ಮರಿ?"