ಮುಕ್ಕಾದ ಕವಡೆ

ಗುಡ್ಡದ ಮೇಲೊಂದು ವಿಶ್ವವಿದ್ಯಾಲಯ. ಅಲ್ಲಿ ಸರ್ವಮಂಗಳಾ ಮೇಡಂ ಅಂತ ಒಬ್ಬರು ವೆಬ್ ಪುಟ ಕಟ್ಟುವುದನ್ನು ಕಲಿಸುತ್ತಿದ್ದರು. ಕಲಿಸುತ್ತಿದ್ದರು ಅನ್ನುವುದು ಮಾತಿಗೆ. ಯಾವ ಪ್ರಶ್ನೆ ಕೇಳಿದರೂ ನೆಟ್ಟಗೆ ಉತ್ತರ ಕೊಟ್ಟ ಪುಣ್ಯಾತ್ಗಿತ್ತಿ ಅಲ್ಲ.

ಅವರ ಶಿಷ್ಯೆ ಮಂದಾಕಿನಿ, ಎಂ.ಸಿ.ಎ. ಮೊದಲ ವರ್ಷದವಳು. ಹಾಸ್ಟೆಲ್ ಮೆಸ್ಸಿಗಾಗಿ ಒಂದು ಪುಟ ಕಟ್ಟಿದ್ದಳು. ರಾತ್ರಿ ಊಟ ಬೇಡದವರು ಅದರಲ್ಲಿ ಮೊದಲೇ ತಿಳಿಸಿದರೆ ಅಡುಗೆ ದಂಡವಾಗುವುದಿಲ್ಲ. ಯೋಚನೆ ಬಹಳ ಚೆನ್ನಾಗಿತ್ತು. ಪುಟ ಮಾತ್ರ ಪ್ರಾಣ ತಿನ್ನುತ್ತಿತ್ತು.

ಹೆಸರು, ಪಾಸ್‌ವರ್ಡ್ ಕೊಟ್ಟರೆ 'ನಮಸ್ಕಾರ ಮಂದಾಕಿನಿ' ಅನ್ನುತ್ತಿತ್ತು. ಅಲ್ಲಿಂದ ಮುಂದಿನ ಪುಟ ಒತ್ತಿದರೆ ಸಾಕು, 'ನೀವು ಯಾರು?' ಅಂತ ಮತ್ತೆ ಶುರು.

ಅವತ್ತು ಮಧ್ಯಾಹ್ನ ಮೂರಕ್ಕೆ ಇಡೀ ತರಗತಿಯ ಮುಂದೆ ಅದನ್ನು ನಡೆಸಿ ತೋರಿಸಬೇಕು.

"ಇವತ್ತು ಇದು ನಡೀಲಿಲ್ಲ ಅಂದ್ರೆ ನಾನು ಸ್ಟ್ಯಾಟಿಸ್ಟಿಕ್ಸ್‌ಗೆ ಹೋಗ್ತೀನಿ ಕಣೋ," ಅಂದಳು ಪಕ್ಕದಲ್ಲಿ ಕೂತಿದ್ದ ಗೆಳೆಯ ರುದ್ರೇಶನಿಗೆ. "ಈ ವಿದ್ಯೆ ನನ್ನ ತಲೆಗೆ ಹತ್ತಲ್ಲ."

"ಮೇಡಂನ ಕೇಳು."

"ಅವರು ಹೇಳಿದ ಹಾಗೇ!"

"ಹೇಳದಿದ್ರೆ ಬಿಡಲಿ. ಸ್ಟ್ಯಾಟಿಸ್ಟಿಕ್ಸ್‌ಗೆ ಹೋಗ್ತೀನಿ ಅಂತಾದ್ರೂ ಹೇಳಿ ಬಾ."

ಮಂದಾಕಿನಿ ಹೋಗಿ ಮೇಡಂ ಕೋಣೆಯ ಬಾಗಿಲು ತಟ್ಟಿದಳು.

"ಯಾರು?"

"ನಾನು ಮೇಡಂ."

"ಬರೋರೆಲ್ಲ ನಾನು ಅಂತಾನೇ ಹೇಳ್ತಾರೆ. ಯಾವ ನಾನು?"

"ಮಂದಾಕಿನಿ."

"ಬಾ. ಏನಾಗಬೇಕಿತ್ತು?"

ಮೇಡಂ ಮೇಜಿನ ಮೇಲೆ ಚೌಕಾಬಾರದ ಕವಡೆ ಹರಡಿಕೊಂಡು, ಒಬ್ಬರೇ ಆಡುತ್ತಾ ಕೂತಿದ್ದರು. ತನ್ನ ಜೀವ ಹೋಗುತ್ತಿರುವಾಗ ಇವರಿಗೆ ಆಟ, ಅಂದುಕೊಂಡಳು ಮಂದಾಕಿನಿ.

"ನನ್ನ ಪುಟ ಒಳಗೆ ಬಿಡುತ್ತೆ ಮೇಡಂ, ಆದರೆ..."

"ಆಚೆ ಹೂಜಿ ಇದೆ. ಒಂದು ಲೋಟ ನೀರು ತಾ."

ತಂದಳು. ಮೇಡಂ ತಲೆಯೆತ್ತಿ ನೋಡಿದರು.

"ಯಾರಮ್ಮ ನೀನು?"

ಮಂದಾಕಿನಿ ನಕ್ಕಳು. ಮೇಡಂ ನಗಲಿಲ್ಲ.

"ಮಂದಾಕಿನಿ, ಮೇಡಂ."

"ಓ, ಹೌದಾ! ಏನಾಗಬೇಕಿತ್ತು?"

"ಅದೇ, ನನ್ನ ಪುಟ..."

"ನನ್ನ ಚಪ್ಪಲಿ ಹೊರಗೆ ಬಿಸಿಲಲ್ಲಿ ಬಿದ್ದಿದೆ. ನೆರಳಿಗೆ ಸರಿಸಿ ಬಾ."

ಸರಿಸಿ ಬಂದಳು.

"ಯಾರಮ್ಮ ನೀನು?"

ಮಂದಾಕಿನಿಗೆ ಮೈಯೆಲ್ಲ ಉರಿದುಹೋಯಿತು. ಅದರ ಹಿಂದೆಯೇ ಅಳುವೂ ಬಂತು. ಅಲ್ಲಿ ಗಡಿಯಾರ ಓಡುತ್ತಿದೆ, ಇಲ್ಲಿ ಇವರ ತಮಾಷೆ!

"ಈಗಷ್ಟೇ ಹೇಳಿದೆನಲ್ಲ ಮೇಡಂ! ಒಂದ್ಸಲ ಹೇಳಿದ್ದು ನಿಮಗೆ ನೆನಪೇ ಇರಲ್ವಾ?"

"ಇರಲ್ಲ," ಅಂದರು ಮೇಡಂ ತಣ್ಣಗೆ. "ಆ ಹೊಸ್ತಿಲು ದಾಟಿ ಬಂದೋರೆಲ್ಲ ನನಗೆ ಹೊಸಬರೇ. ನನ್ನ ಜಾಯಮಾನವೇ ಅಂಥದ್ದು."

"ಹಾಗಾದ್ರೆ ನಾನು ಪ್ರತಿ ಸಲ ಬಂದಾಗಲೂ..."

ಮಾತು ಅಲ್ಲೇ ನಿಂತಿತು. ಮಂದಾಕಿನಿಯ ಬಾಯಿ ತೆರೆದಿದ್ದು ತೆರೆದೇ ಇತ್ತು.

"ಮೇಡಂ! ಸರ್ವರ್!"

"ಯಾವ ಸರ್ವರ್?"

"ನನ್ನ ಪುಟ ಕಳಿಸೋ ಸರ್ವರ್ ಮೇಡಂ! ಅದೂ ನಿಮ್ಮ ಹಾಗೇ! ಒಂದು ಪುಟ ಕೊಟ್ಟ ಕೂಡಲೇ ಕೇಳಿದವರು ಯಾರು ಅನ್ನೋದನ್ನೇ ಮರೆತುಬಿಡುತ್ತೆ! ಮುಂದಿನ ಪುಟ ಒತ್ತಿದ್ರೆ ಅದರ ಲೆಕ್ಕಕ್ಕೆ ನಾನು ಮತ್ತೆ ಹೊಸಬಳು! ನಾನು ಒಂದು ವಾರದಿಂದ ಪಾಸ್‌ವರ್ಡ್ ನೋಡೋ ಸಾಲುಗಳನ್ನೇ ತಿದ್ದುತ್ತಾ ಕೂತಿದ್ದೀನಲ್ಲ, ಎಂಥ ಪೆದ್ದಿ ನಾನು!"

ಮೇಡಂ ಕವಡೆಗಳಲ್ಲಿ ತುದಿ ಮುಕ್ಕಾದದ್ದೊಂದನ್ನು ಹೆಕ್ಕಿ ಅವಳ ಅಂಗೈಯಲ್ಲಿಟ್ಟರು.

"ಹೊರಗೆ ಹೋಗು. ಇದನ್ನ ಹಿಡ್ಕೊಂಡು ಬಾ."

ಮಂದಾಕಿನಿ ಹೊಸ್ತಿಲು ದಾಟಿ ಹೋಗಿ, ತಿರುಗಿ ಬಂದು, ಅಂಗೈ ಬಿಡಿಸಿದಳು.

"ಬಾರೇ ಮಂದಾಕಿನಿ!" ಮೇಡಂ ಮುಖ ಅರಳಿತು. "ನಿನ್ನ ಪುಟ ಒಳಗೆ ಬಿಡುತ್ತೆ ಅಂತಿದ್ದೆ. ಆದರೆ ಏನು?"

"ಅಯ್ಯೋ ದೇವರೇ! ಇದು ಕುಕಿ!"

ಕುಕಿ ಅನ್ನುವ ಪಾಠ ಪುಸ್ತಕದಲ್ಲಿ ಇದ್ದೇ ಇತ್ತು. ಇದೇನು ಬಿಸ್ಕತ್ತಿನ ಹೆಸರು ಅಂತ ನಕ್ಕು, ಆ ಪುಟಗಳನ್ನು ಹಾರಿಸಿಬಿಟ್ಟಿದ್ದಳು ಮಹಾರಾಯ್ತಿ.

"ಮುಕ್ಕಾದ ಕವಡೆ ಯಾರದು ಅಂತ ನಾನು ಗುರುತು ಇಟ್ಕೊಂಡಿರ್ತೀನಿ," ಅಂದರು ಮೇಡಂ. "ಬಂದಾಗೆಲ್ಲ ನೀನು ತೋರಿಸಬೇಕು. ಇನ್ನೊಂದು ಮಾತಿದೆ, ಕೇಳು..."

ಕೇಳುವುದಕ್ಕೆ ಅವಳು ಅಲ್ಲಿದ್ದರೆ ತಾನೆ? ಕವಡೆ ಮುಷ್ಟಿಯಲ್ಲಿ ಬಿಗಿಹಿಡಿದು, ಮೆಟ್ಟಿಲು ಹಾರಿಕೊಂಡು ಲ್ಯಾಬಿಗೆ ಓಡಿಬಿಟ್ಟಿದ್ದಳು.

ಕೂತವಳು ಕೂತ ಹಾಗೆ ಬರೆದಳು. ಬಂದವರಿಗೆಲ್ಲ ಸರ್ವರ್ ಒಂದೊಂದು ಗುರುತು ಕೊಡಬೇಕು. ಪ್ರತಿ ಸಲವೂ ಬ್ರೌಸರ್ ಆ ಗುರುತು ಹೊತ್ತು ತರಬೇಕು. ಅದನ್ನು ನೋಡಿ ಬಂದವರು ಯಾರು ಅಂತ ಸರ್ವರ್ ಗುರುತಿಸಬೇಕು. ತಪ್ಪಾಯಿತು, ತಿದ್ದಿದಳು, ಮತ್ತೆ ತಪ್ಪಾಯಿತು. ಊಟ ಮರೆತೇಹೋಯಿತು.

ಮೂರು ಗಂಟೆ. ಎಲ್ಲರೂ ಸುತ್ತ ನಿಂತರು. ಮೇಡಂ ಹಿಂದೆ ಗೋಡೆಗೆ ಒರಗಿ ನಿಂತಿದ್ದರು.

ಮಂದಾಕಿನಿ ಪಾಸ್‌ವರ್ಡ್ ಕೊಟ್ಟಳು. 'ನಮಸ್ಕಾರ ಮಂದಾಕಿನಿ.'

ಮುಂದಿನ ಪುಟ ಒತ್ತಿದಳು.

'ಮಂದಾಕಿನಿ, ಇವತ್ತು ರಾತ್ರಿ ಹೋಳಿಗೆ. ಊಟ ಬೇಕೋ, ಬೇಡವೋ?'

"ಬೇಕು! ಬೇಕು!" ಅಂತ ಇಡೀ ಲ್ಯಾಬು ಕೂಗಿಕೊಂಡಿತು. ಯಾರೋ ಶಿಳ್ಳೆ ಹೊಡೆದರು. ಮಂದಾಕಿನಿ ಕುಣಿದೇಬಿಟ್ಟಳು. ಅವಳಿಗೆ ಹುಟ್ಟಿದಾಗಿನಿಂದ ಅಷ್ಟು ಖುಷಿಯಾಗಿರಲಿಲ್ಲ. ಮೇಡಂ "ಹೂಂ" ಅಂದು ಹೊರಟುಹೋದರು.

ಗೆಳತಿಯರು ಅವಳನ್ನು ಎಳೆದುಕೊಂಡು ಕ್ಯಾಂಟೀನಿಗೆ ಹೋದರು. ಅರ್ಧ ಟೀ ಕುಡಿಯುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಸ್ಟ್ಯಾಟಿಸ್ಟಿಕ್ಸೂ ಇಲ್ಲ, ಗಿಟಿಸ್ಟಿಕ್ಸೂ ಇಲ್ಲ! ನಾನು ಇಲ್ಲೇ ಇರ್ತೀನಿ ಅಂತ ಮೇಡಂಗೆ ಹೇಳಿ ಬರ್ತೀನಿ!"

ಓಡಿಹೋಗಿ ಬಾಗಿಲು ತಟ್ಟಿದಳು.

"ಯಾರು?"

"ನಾನು ಮೇಡಂ!" ಅನ್ನುತ್ತಲೇ ನುಗ್ಗಿದಳು.

ಒಳಗೆ ರುದ್ರೇಶ ಕುರ್ಚಿಯಲ್ಲಿ ಕೂತು ಮೇಡಂ ಫ್ಲಾಸ್ಕಿನ ಕಾಫಿ ಹೀರುತ್ತಿದ್ದ. ಮೀಸೆಯ ಅಡಿಯಲ್ಲಿ ನಗು ತಡೆದು ತಡೆದು ಅವನ ಮುಖ ಕೆಂಪಗಾಗಿತ್ತು. ಅವನ ಮುಂದೆ ಮೇಜಿನ ಮೇಲೆ ಮುಕ್ಕಾದ ಕವಡೆ.

ಮಂದಾಕಿನಿ ತನ್ನ ಅಂಗೈ ನೋಡಿಕೊಂಡಳು. ಖಾಲಿ.

"ನಿನ್ನ ಕೀಬೋರ್ಡ್ ಪಕ್ಕ ಬಿದ್ದಿತ್ತು ಕಣೇ," ಅಂದ ರುದ್ರೇಶ. "ಮೇಡಂಗೆ ವಾಪಸ್ ಕೊಡೋಣ ಅಂತ ತಂದೆ. ಬಾಗಿಲಲ್ಲೇ 'ಬಾರೇ ಮಂದಾಕಿನಿ' ಅಂದುಬಿಟ್ಟರು. ಅಷ್ಟು ಪ್ರೀತಿಯಿಂದ ಕರೆದ ಮೇಲೆ ಇಲ್ಲ ಅನ್ನೋಕಾಗುತ್ತಾ?"

"ನನ್ನ ಹೆಸರಲ್ಲಿ ಏನು ಹೇಳಿದೆಯೋ?"

ರುದ್ರೇಶ ಕಾಫಿ ಲೋಟದೊಳಗೆ ಮುಖ ಹುದುಗಿಸಿದ.

ಮಂದಾಕಿನಿ ಮೇಡಂ ಕಡೆ ತಿರುಗಿದಳು. "ಮೇಡಂ, ಇವನು ಏನೇ ಹೇಳಿರಲಿ, ನಾನು ಎಲ್ಲಿಗೂ ಹೋಗಲ್ಲ! ನಾನು ಇಲ್ಲೇ ಕಲೀತೀನಿ! ಮಂದಾಕಿನಿ ನಾನು ಮೇಡಂ, ನಾನು!"

ಮೇಡಂ ಕವಡೆ ನೋಡಿದರು. ಆಮೇಲೆ ಅವಳನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದರು.

"ಮಂದಾಕಿನಿ ಆಗಲೇ ಬಂದಳಲ್ಲ. ಕವಡೆ ತೋರಿಸಿ, ಸ್ಟ್ಯಾಟಿಸ್ಟಿಕ್ಸ್‌ಗೆ ಹೋಗ್ತೀನಿ ಅಂದಳು. ಹೋಗಿ ಬಾ ತಾಯಿ ಅಂದೆ. ನೀನು ಯಾರಮ್ಮ?"